ಬಿ.ಎ.ಯೋ ಬಿ.ಬಿ.ಎ.ಯೋ: ಬೆಳ್ಗೊಳದ ವರ್ತಕರನ್ನು ನೆನೆದು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಯ ಮನೆಗಳಲ್ಲಿಯೂ ಆ ಪ್ರಶ್ನೆ ಏಳುತ್ತದೆ: ಮಕ್ಕಳನ್ನು ಬಿ.ಎ.ಗೆ ಸೇರಿಸಬೇಕೆ, ಬಿ.ಬಿ.ಎ.ಗೆ ಸೇರಿಸಬೇಕೆ? ಕನ್ನಡ, ಇತಿಹಾಸಗಳಲ್ಲಿ ಒಲವುಳ್ಳ ವಿದ್ಯಾರ್ಥಿಯನ್ನೂ ಉದ್ಯೋಗದ ಭಯವು ವಾಣಿಜ್ಯದತ್ತ ತಳ್ಳುತ್ತದೆ. ಆ ಭಯ ಹುಸಿಯಲ್ಲ. ತಂಬಾಕು, ಆಲೂಗಡ್ಡೆಯ ಬೆಲೆಯನ್ನು ನೆಚ್ಚಿಕೊಂಡ ಕುಟುಂಬಕ್ಕೆ ಮೂರು ವರ್ಷದ ಓದು ಸಣ್ಣ ವೆಚ್ಚವಲ್ಲ. ಹುಸಿಯಾದದ್ದು ಅದರ ಬೆನ್ನಿಗಿರುವ ನಂಬಿಕೆ: ಲೆಕ್ಕ ಬಲ್ಲವನಿಗೆ ಸಾಹಿತ್ಯ ಬೇಡ, ಸಾಹಿತ್ಯ ಓದುವವನಿಗೆ ಲೆಕ್ಕ ಬೇಡ ಎಂಬುದು.

ಇದೇ ಜಿಲ್ಲೆಯ ಶ್ರವಣಬೆಳ್ಗೊಳದ ಶಾಸನಗಳು ಬೇರೆಯದನ್ನೇ ಹೇಳುತ್ತವೆ. ಅಲ್ಲಿನ ತೇರಿನ ಬಸದಿಯನ್ನು ಕ್ರಿ.ಶ. 1117ರಲ್ಲಿ ಕಟ್ಟಿಸಿದ ಮಾಚಿಕಬ್ಬೆ, ಶಾಂತಿಕಬ್ಬೆಯರು ವಿಷ್ಣುವರ್ಧನನ ರಾಜವರ್ತಕರಾದ ಪೊಯ್ಸಳಸೆಟ್ಟಿ, ನೇಮಿಸೆಟ್ಟಿಯರ ತಾಯಂದಿರು. ಇಮ್ಮಡಿ ಬಲ್ಲಾಳನ ಕಾಲದಲ್ಲಿ ನಾಗದೇವನು ಕಟ್ಟಿಸಿದ ನಗರ ಜಿನಾಲಯದ ಹೆಸರಿನಲ್ಲಿರುವ ‘ನಗರ’ವೆಂದರೆ ಊರಲ್ಲ, ವರ್ತಕ ಸಮುದಾಯ. 13ನೆಯ ಶತಮಾನದ ದತ್ತಿಗಳಂತೂ ಇನ್ನೂ ಕುತೂಹಲಕರ. ಗೊಮ್ಮಟನ ಅಭಿಷೇಕದ ಹಾಲಿಗೆಂದು ಗದ್ಯಾಣಗಳನ್ನು ಇಟ್ಟು, ಅವುಗಳ ಬಡ್ಡಿಯಿಂದ ನಿತ್ಯದ ಹಾಲು ಸಲ್ಲಬೇಕೆಂದು ಕಲ್ಲಿನಲ್ಲಿ ಬರೆಸಿದರು. ಹೊನ್ನಿಗೆ ತಿಂಗಳಿಗೊಂದು ಹಾಗ ಬಡ್ಡಿ ಎಂದಿಟ್ಟುಕೊಂಡರೆ, ಹೊನ್ನಿಗೆ ಹತ್ತು ಹಣ, ಹಣಕ್ಕೆ ನಾಲ್ಕು ಹಾಗದ ಲೆಕ್ಕದಲ್ಲಿ, ವರ್ಷಕ್ಕೆ ನೂರಕ್ಕೆ 30 ಆಗುತ್ತದೆ. ಈ ಗುಣಾಕಾರ ಮಾಡಲಾರದ ಇತಿಹಾಸದ ವಿದ್ಯಾರ್ಥಿಗೆ ಆ ಶಾಸನ ಬರಿಯ ಭಕ್ತಿಯ ದಾಖಲೆ; ಹಳಗನ್ನಡ ಬಾರದ ವಾಣಿಜ್ಯದ ವಿದ್ಯಾರ್ಥಿಗೆ ಅದು ಬರಿಯ ಕಲ್ಲು.

ನೃಪತುಂಗನ ಕಾಲವನ್ನೇ ನೋಡಬಹುದು. ‘ಕವಿರಾಜಮಾರ್ಗ’ ಹುಟ್ಟಿದ ಆಳ್ವಿಕೆಯಲ್ಲಿಯೇ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ರಚಿತವಾಯಿತು. ಬಡ್ಡಿ, ಪಾಲುದಾರಿಕೆಯ ಲೆಕ್ಕಗಳನ್ನು ವಿಸ್ತಾರವಾಗಿ ಕಲಿಸುವ ಆ ಜೈನ ಗಣಿತಜ್ಞನು ಗ್ರಂಥದ ಮೊದಲಲ್ಲಿಯೇ ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣಗಳಿಗೂ ಗಣಿತ ಬೇಕೆನ್ನುತ್ತಾನೆ. ಮಾತ್ರೆ ಎಣಿಸಿ ಬಲ್ಲ ಯಾರೂ ಇದನ್ನು ಅಲ್ಲಗಳೆಯಲಾರರು. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದದ್ದು ಕನ್ನಡದಲ್ಲಿಯೇ.

ಗೋಡೆ ಎದ್ದದ್ದು ಈಚೆಗೆ, ಎಬ್ಬಿಸಿದ್ದು ಪಠ್ಯಕ್ರಮ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ರಾಜ್ಯದಲ್ಲಿ ಜಾರಿಗೆ ತಂದಾಗ ಮುಕ್ತ ಐಚ್ಛಿಕ ವಿಷಯಗಳ ಮೂಲಕ ಅದರಲ್ಲೊಂದು ಕಿಂಡಿ ತೆರೆದಿತ್ತು. 2024-25ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಅವಧಿಯ ಬಗ್ಗೆ ಎದ್ದಷ್ಟು ಗದ್ದಲ ಆ ಕಿಂಡಿಯ ಬಗ್ಗೆ ಏಳಲಿಲ್ಲ.

ಹೀಗಿರುವಾಗ, ಸಾಹಿತ್ಯ, ಇತಿಹಾಸಗಳಲ್ಲಿ ನಿಜವಾದ ಒಲವಿರುವ ವಿದ್ಯಾರ್ಥಿ ಬಿ.ಎ.ಯನ್ನೇ ಆರಿಸಿಕೊಳ್ಳುವುದು ಉಚಿತ. ಆದರೆ ಅರ್ಥಶಾಸ್ತ್ರವನ್ನು ಜೊತೆಗಿಟ್ಟುಕೊಳ್ಳಬೇಕು, ಜಮಾಖರ್ಚು ಬರೆಯುವುದನ್ನು ಹೊರಗಾದರೂ ಕಲಿಯಬೇಕು. ಅಂಥ ಒಲವಿಲ್ಲದೆ, ಸೀಟು ಸುಲಭವಾಗಿ ಸಿಗುತ್ತದೆಂದು ಬಿ.ಎ.ಗೆ ಬರುವವರಿಗೆ ಬಿ.ಬಿ.ಎ.ಯೇ ಮೇಲು. ಅವರನ್ನು ಹಿಡಿದಿಟ್ಟುಕೊಂಡು ತರಗತಿ ತುಂಬಿಸಿದ ಮಾತ್ರಕ್ಕೆ ಕನ್ನಡ ವಿಭಾಗಗಳು ಉಳಿಯುವುದಿಲ್ಲ.