ನೆರಳಿನ ಅಂಕಿ, ಬಿಸಿಲಿನ ದುಡಿಮೆ

ಹೋಳಿ ಮುಗಿದು ಯುಗಾದಿ ಸಮೀಪಿಸಿತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಜನರಿಗೆ ಹವಾಮಾನದ ವಾರ್ತೆಯನ್ನು ಯಾರೂ ಓದಿ ಹೇಳಬೇಕಾಗಿಲ್ಲ. ಬೇವು ಚಿಗುರುವ ಹೊತ್ತಿಗೆ ಕಾಗಿಣಾ ನದಿ ಸೊರಗುತ್ತದೆ; ಹತ್ತು ಗಂಟೆಗೆಲ್ಲ ಬಿಸಿಲು ಬೆನ್ನು ಸುಡುತ್ತದೆ. ಮುಂದಿನದೂ ಗೊತ್ತಿದ್ದದ್ದೇ. ಹಗಲಿನ ಉಷ್ಣತೆ ೪೦ ಡಿಗ್ರಿಯ ಆಸುಪಾಸಿಗೆ ಏರುವುದು, ಕೆಲವು ದಿನ ಅದನ್ನೂ ದಾಟುವುದು. ಎಂದಾದರೊಂದು ಸಂಜೆ ಧೂಳೆದ್ದು, ಗುಡುಗು ಮಿಂಚಿನೊಡನೆ ಅಡ್ಡಮಳೆ ಸುರಿಯುವುದು. ಮರುದಿನ ಮತ್ತೆ ಅದೇ ಬಿಸಿಲು.

ಆದರೆ ಈ ಡಿಗ್ರಿಯ ಲೆಕ್ಕವನ್ನು ಸರಿಯಾಗಿ ತಿಳಿಯಬೇಕು. ಹವಾಮಾನ ಇಲಾಖೆಯ ಉಷ್ಣಮಾಪಕವನ್ನು ಗಾಳಿಯಾಡುವ ಬಿಳಿಯ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ ಇಟ್ಟಿರುತ್ತಾರೆ. ಹವೆಯನ್ನು ಅಳೆಯಲು ಅದೇ ಸರಿಯಾದ ಕ್ರಮ. ಆದುದರಿಂದ ಪತ್ರಿಕೆಯಲ್ಲಿ ಬರುವ ೪೧ ಡಿಗ್ರಿ ನೆರಳಿನ ಅಂಕಿ. ಶಹಾಬಾದದ ಪರಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವನಿಗೆ ಮೇಲೆ ಸೂರ್ಯ, ಕೆಳಗೆ ಕಾದ ಹಾಸುಗಲ್ಲು. ವಾಡಿ, ಸೇಡಂಗಳ ಸಿಮೆಂಟ್ ಗೂಡಿನೊಳಗೆ ಸುಣ್ಣಗಲ್ಲು ಬೇಯುವುದು ೧,೪೦೦ ಡಿಗ್ರಿಗೂ ಮೀರಿದ ಕಾವಿನಲ್ಲಿ. ಅದರ ಮಗ್ಗುಲಲ್ಲಿ ದುಡಿಯುವವನ ಮೈ ಸಹಿಸುವ ಬಿಸಿ ಯಾವ ವಾರ್ತೆಯಲ್ಲಿಯೂ ಬರುವುದಿಲ್ಲ.

ಈ ಸೀಮೆಯ ಬೇಸಿಗೆ ಕಠೋರವೆಂದು ಸರಕಾರವೇ ಒಪ್ಪಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ೮ರಿಂದ ಮಧ್ಯಾಹ್ನ ೧-೩೦ಕ್ಕೆ ಬದಲಿಸುತ್ತ ಬಂದಿದೆ. ಇದು ನ್ಯಾಯವಾದ ಕ್ರಮ. ಗುಮಾಸ್ತನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಫ್ಯಾನಿನ ಕೆಳಗೆ ಕಡತ ನೋಡುವವನು ಸಹಿಸಲಾರದ ಬಿಸಿಲನ್ನು ಗಣಿಯಲ್ಲಿ ಸುತ್ತಿಗೆ ಎತ್ತುವವನು ಹೇಗೆ ಸಹಿಸಬೇಕು?

ಮಧ್ಯಾಹ್ನ ಕೆಲಸ ಬಿಟ್ಟು ಕೂಡಿರೆಂದು ಉಪದೇಶ ಮಾಡುವುದು ಸುಲಭ. ಎಬ್ಬಿಸಿದ ಕಲ್ಲಿನ ಲೆಕ್ಕದ ಮೇಲೆ ಕೂಲಿ ಪಡೆಯುವವನು ನಾಲ್ಕು ತಾಸು ಕೂತರೆ ಆ ರಾತ್ರಿ ಒಲೆ ಹೊತ್ತುವುದಿಲ್ಲ. ಇದಕ್ಕೂ ದಾರಿಯಿದೆ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ, ಈ ವಿಭಾಗಕ್ಕೆ ಬೇಸಿಗೆಯಲ್ಲಿ ಕೂಲಿ ಕಡಿಯದೆ ಕೆಲಸದ ಪ್ರಮಾಣದಲ್ಲಿ ಶೇಕಡ ೩೦ರಷ್ಟು ರಿಯಾಯಿತಿಯನ್ನು ಸರಕಾರವೇ ಕೊಟ್ಟದ್ದುಂಟು. ಅದೇ ನಿಯಮ ಗಣಿಗೂ ಗುತ್ತಿಗೆಗೂ ಅನ್ವಯವಾಗಲಿ. ೧೯೪೮ರ ಕಾರ್ಖಾನೆ ಕಾಯಿದೆಯೇ ೨೫೦ಕ್ಕೂ ಹೆಚ್ಚು ಕಾರ್ಮಿಕರಿದ್ದಲ್ಲಿ ಬೇಸಿಗೆಗೆ ತಂಪು ನೀರು ಕೊಡಬೇಕೆಂದಿತ್ತು. ಇಪ್ಪತ್ತೈದೇ ಜನರಿರುವ ಗಣಿಯಲ್ಲಿ ಬಾಯಾರಿಕೆ ಕಡಿಮೆಯೇ?

ಸಣ್ಣ ವ್ಯಾಪಾರಿಯ ಪಾಡೂ ಬೇರೆಯಲ್ಲ. ಮಧ್ಯಾಹ್ನ ಪೇಟೆ ಬಿಕೋ ಎನ್ನುತ್ತದೆ. ಬಾಡಿಗೆ ಬಡ್ಡಿಗಳಿಗೆ ಮಾತ್ರ ಬಿಡುವಿಲ್ಲ. ಸಂಜೆ ಗಿರಾಕಿ ಬರುವ ಹೊತ್ತಿಗೇ ಗಾಳಿ ಎದ್ದರೆ ಬಯಲಲ್ಲಿ ಹರಡಿದ ಸರಕು ಹಾಳು. ಸಂತೆಯ ಕಟ್ಟೆಗೆ ಸೂರು ಹಾಕಿಸುವುದು ಪುರಸಭೆಯ ಕರ್ತವ್ಯ. ಅದು ಆಗುವವರೆಗೆ ತಾಡಪತ್ರಿ ಕೈಗೆ ಸಿಗುವಂತಿರಲಿ. ಗುಡುಗು ಕೇಳಿದೊಡನೆ ಮರದ ಕೆಳಗೆ ನಿಲ್ಲದೆ ಪಕ್ಕಾ ಕಟ್ಟಡ ಸೇರಿರಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ಬಿಸಿಲಲ್ಲಿ ದುಡಿಯುವ ಸಂಗಾತಿ ತಡವರಿಸಿ ಮಾತಾಡಿದರೆ, ಗೊಂದಲಗೊಂಡರೆ, ತಡಮಾಡದೆ ನೆರಳಿಗೆ ಎಳೆದು, ಮೈಗೆ ನೀರು ಹಾಕಿ, ದವಾಖಾನೆಗೆ ಒಯ್ಯಿರಿ.

ಬಿಸಿಲನ್ನು ಸರಕಾರ ತಗ್ಗಿಸಲಾರದು, ವೇಳೆಯನ್ನು ಬದಲಿಸಬಲ್ಲದು. ಕಚೇರಿಗೆ ಹೊರಡಿಸುವ ಆಜ್ಞೆಯನ್ನು, ಕೂಲಿಗೆ ಕತ್ತರಿ ಹಾಕದೆ, ಗಣಿಗೂ ಕಾರ್ಖಾನೆಯ ಅಂಗಳಕ್ಕೂ ಹೊರಡಿಸಲಿ. ಯುಗಾದಿಯ ಬೇವನ್ನು ದುಡಿಯುವವನೊಬ್ಬನೇ ತಿನ್ನಬೇಕೆಂಬ ಶಾಸ್ತ್ರವೇನೂ ಇಲ್ಲ.