ಬೈಜಿಕ ಸಮ್ಮಿಲನ ವಿದ್ಯುತ್: ಯೋಜನೆಗಳ ಪ್ರಸಕ್ತ ಸ್ಥಿತಿಗತಿ (ನಾಗರಿಕರ ಮಾಹಿತಿಗಾಗಿ)

ಪೀಠಿಕೆ

ಸೂರ್ಯನಲ್ಲಿ ಶಕ್ತಿ ಉತ್ಪತ್ತಿಯಾಗುವ ಕ್ರಮವನ್ನೇ ಅನುಸರಿಸಿ ಭೂಮಿಯ ಮೇಲೆ ವಿದ್ಯುತ್ ಪಡೆಯುವ ಪ್ರಯತ್ನಗಳ ಬಗ್ಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ವರದಿಗಳು ಪ್ರಕಟವಾಗುತ್ತಿವೆ. ಅಪಾರ ವಿದ್ಯುತ್ ಇನ್ನೇನು ಕೈಗೆಟುಕಲಿದೆ ಎಂಬ ಭಾವನೆ ಇವುಗಳಿಂದ ಮೂಡುವುದು ಸಹಜ. ಹೊಸ ವಿದ್ಯುತ್ ಸಂಪರ್ಕಕ್ಕಾಗಲಿ, ಮೇಲ್ಛಾವಣಿ ಸೌರ ಘಟಕಕ್ಕಾಗಲಿ ಅರ್ಜಿ ಸಲ್ಲಿಸಲಿರುವ ನಾಗರಿಕರು ಈ ವರದಿಗಳನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

1. ಸಮ್ಮಿಲನ ಎಂದರೇನು?

ಕೈಗಾದಲ್ಲಿರುವಂತಹ ಪರಮಾಣು ವಿದ್ಯುತ್ ಸ್ಥಾವರಗಳಲ್ಲಿ ಯುರೇನಿಯಂ ಪರಮಾಣುವಿನ ಬೀಜವನ್ನು ಒಡೆದು ಶಾಖ ಪಡೆಯಲಾಗುತ್ತದೆ. ಇದು ವಿದಳನ. ಸಮ್ಮಿಲನದಲ್ಲಿ ಹೈಡ್ರೋಜನ್‌ನ ಭಾರ ರೂಪಗಳಾದ ಡ್ಯುಟೀರಿಯಂ ಹಾಗೂ ಟ್ರಿಟಿಯಂಗಳ ಬೀಜಗಳು ಕೂಡಿಕೊಂಡು ಹೀಲಿಯಂ ಆಗುತ್ತವೆ. ಇದಕ್ಕಾಗಿ ಇಂಧನವನ್ನು ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗುತ್ತದೆ. ಆ ಶಾಖವನ್ನು ತಾಳಬಲ್ಲ ಪಾತ್ರೆ ಯಾವುದೂ ಇಲ್ಲ. ಆದುದರಿಂದ ಟೋಕಮಾಕ್ ಎಂಬ ಬಳೆಯಾಕಾರದ ಯಂತ್ರದಲ್ಲಿ ಪ್ಲಾಸ್ಮಾವನ್ನು ಗೋಡೆಗೆ ತಾಗದಂತೆ ಕಾಂತಕ್ಷೇತ್ರದಿಂದ ಹಿಡಿದಿಡಲಾಗುತ್ತದೆ.

2. ಐಟರ್ ಯೋಜನೆ ಮತ್ತು ಭಾರತದ ಪಾಲು

ದಕ್ಷಿಣ ಫ್ರಾನ್ಸ್‌ನಲ್ಲಿ ನಿರ್ಮಾಣದಲ್ಲಿರುವ ಐಟರ್ ಈ ಕ್ಷೇತ್ರದ ಅತಿ ದೊಡ್ಡ ಯಂತ್ರ. ಐರೋಪ್ಯ ಒಕ್ಕೂಟ, ಅಮೆರಿಕ, ರಷ್ಯಾ, ಚೀನಾ, ಜಪಾನ್, ದಕ್ಷಿಣ ಕೊರಿಯಾ ಹಾಗೂ ಭಾರತ ಇದರ ಸದಸ್ಯರು. ಒಪ್ಪಂದಕ್ಕೆ 2006ರ ನವೆಂಬರ್‌ನಲ್ಲಿ ಸಹಿ ಮಾಡಲಾಯಿತು. ನಿರ್ಮಾಣದಲ್ಲಿ ಭಾರತದ ಪಾಲು ಸುಮಾರು ಶೇ. 9. ಇದರ ಬಹುಭಾಗವನ್ನು ನಗದಿನ ಬದಲು ಸಾಮಗ್ರಿಯ ರೂಪದಲ್ಲಿ ಪೂರೈಸಲಾಗುತ್ತದೆ. ಇಡೀ ಯಂತ್ರವನ್ನು ಆವರಿಸುವ, ಸುಮಾರು 3,850 ಟನ್ ತೂಕದ ಕ್ರಯೋಸ್ಟಾಟ್ ಎಂಬ ಉಕ್ಕಿನ ನಿರ್ವಾತ ಕವಚವನ್ನು ಗುಜರಾತಿನ ಹಜೀರಾದಲ್ಲಿ ಭಾಗಗಳಾಗಿ ತಯಾರಿಸಿ ಫ್ರಾನ್ಸ್‌ಗೆ ಸಾಗಿಸಲಾಯಿತು. ಅದರ ತಳಭಾಗವನ್ನು 2020ರ ಮೇ ತಿಂಗಳಿನಲ್ಲಿ ಸ್ಥಾಪಿಸಲಾಯಿತು.

3. ವಿಳಂಬದ ಕಾರಣಗಳು

ಮೊದಲ ಪ್ಲಾಸ್ಮಾವನ್ನು 2025ರಲ್ಲಿ ಪಡೆಯುವ ಗುರಿಯಿತ್ತು, ಅದು ಈಡೇರಲಿಲ್ಲ. ಕೋವಿಡ್ ಸಾಂಕ್ರಾಮಿಕದ ಜೊತೆಗೆ ಎರಡು ತಾಂತ್ರಿಕ ದೋಷಗಳು ಕಾರಣವಾದವು. ನಿರ್ವಾತ ಪಾತ್ರೆಯ ಭಾಗಗಳ ಬೆಸುಗೆ ಅಂಚುಗಳ ಅಳತೆ ವಿನ್ಯಾಸಕ್ಕೆ ಹೊಂದಲಿಲ್ಲ. ಶಾಖ ತಡೆ ಕವಚದ ತಂಪುಗೊಳಿಸುವ ಕೊಳವೆಗಳಲ್ಲಿ ಬಿರುಕುಗಳು ಕಂಡುಬಂದವು. ಅದಾಗಲೇ ಕೂರಿಸಿದ್ದ ಒಂದು ಭಾಗವನ್ನು 2023ರಲ್ಲಿ ಹೊರತೆಗೆಯಬೇಕಾಯಿತು. ದುರಸ್ತಿಯ ನಂತರ ಜೋಡಣೆ 2025ರ ಏಪ್ರಿಲ್‌ನಲ್ಲಿ ಪುನರಾರಂಭವಾಯಿತು. 2024ರಲ್ಲಿ ಪ್ರಕಟಿಸಿದ ಪರಿಷ್ಕೃತ ವೇಳಾಪಟ್ಟಿಯಂತೆ ಸಂಶೋಧನಾ ಕಾರ್ಯಾಚರಣೆ 2034ರಲ್ಲಿ, ಡ್ಯುಟೀರಿಯಂ-ಟ್ರಿಟಿಯಂ ಬಳಕೆ 2039ರಲ್ಲಿ ಆರಂಭವಾಗಬೇಕಿದೆ. ಹೆಚ್ಚುವರಿ ವೆಚ್ಚ ಸುಮಾರು 500 ಕೋಟಿ ಯೂರೋ. ಇಲ್ಲಿ ಎಡವಿದ್ದು ಸಿದ್ಧಾಂತವಲ್ಲ. ಹಲವು ದೇಶಗಳಲ್ಲಿ ತಯಾರಾದ ಭಾಗಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೂಡಿಸುವ ಕೆಲಸ ಎಂಬುದನ್ನು ಗಮನಿಸಬೇಕು.

4. ದಾಖಲೆಗಳ ಜಮಾ-ಖರ್ಚು

ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 3.6 ಮೆಗಾಜೌಲ್. ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯವೊಂದರಲ್ಲಿ 2022ರ ಡಿಸೆಂಬರ್ 5ರಂದು ಲೇಸರ್ ಕಿರಣಗಳು ಇಂಧನದ ಗುಳಿಗೆಯ ಮೇಲೆ 2.05 ಮೆಗಾಜೌಲ್ ಸುರಿದಾಗ 3.15 ಮೆಗಾಜೌಲ್ ಹೊರಬಂದಿತು. ಲಾಭವೆಂದು ವರದಿಯಾದದ್ದು ಇದೇ. ಆದರೆ ಲೇಸರ್‌ಗಳನ್ನು ಚಾಲನೆಗೊಳಿಸಲು ಸುಮಾರು 300 ಮೆಗಾಜೌಲ್, ಅಂದರೆ 83 ಯೂನಿಟ್ ವಿದ್ಯುತ್ ವ್ಯಯವಾಗಿತ್ತು; ಬಂದದ್ದು ಒಂದು ಯೂನಿಟ್ಟಿಗೂ ಕಡಿಮೆ. ಬ್ರಿಟನ್ನಿನ ಜೆಟ್ ಯಂತ್ರ 2023ರಲ್ಲಿ 69 ಮೆಗಾಜೌಲ್, ಅಂದರೆ ಸುಮಾರು 19 ಯೂನಿಟ್‌ನಷ್ಟು ಶಕ್ತಿ ನೀಡಿ, ಅದೇ ವರ್ಷಾಂತ್ಯದಲ್ಲಿ ನಿವೃತ್ತಿ ಹೊಂದಿತು.

ಐಟರ್‌ನ ಗುರಿಯನ್ನೂ ಹೀಗೆಯೇ ಓದಬೇಕು. 50 ಮೆಗಾವಾಟ್ ಶಾಖ ನೀಡಿ 500 ಮೆಗಾವಾಟ್ ಪಡೆಯುವುದೆಂದರೆ ಪ್ಲಾಸ್ಮಾದ ಲೆಕ್ಕ ಮಾತ್ರ. ಇಡೀ ಸ್ಥಾವರದ ಬಳಕೆ ಅದರಲ್ಲಿ ಸೇರಿಲ್ಲ. ಅಲ್ಲದೆ, ಐಟರ್ ವಿದ್ಯುತ್ ಉತ್ಪಾದಿಸುವುದಿಲ್ಲ.

5. ಬಾಕಿ ಇರುವ ಕೆಲಸಗಳು

ಪ್ರಗತಿ ಇಲ್ಲವೆಂದು ಇದರ ಅರ್ಥವಲ್ಲ. ಫ್ರಾನ್ಸ್‌ನ ವೆಸ್ಟ್ ಯಂತ್ರ 2025ರ ಫೆಬ್ರವರಿಯಲ್ಲಿ ಪ್ಲಾಸ್ಮಾವನ್ನು 1,337 ಸೆಕೆಂಡು, ಎಂದರೆ 22 ನಿಮಿಷಕ್ಕೂ ಹೆಚ್ಚು ಕಾಲ ಹಿಡಿದಿಟ್ಟಿತು. ಆದಾಗ್ಯೂ ಟ್ರಿಟಿಯಂನ ಪ್ರಶ್ನೆ ಉಳಿದಿದೆ. ನಿಸರ್ಗದಲ್ಲಿ ಅದು ಅತ್ಯಲ್ಪ. ಸಂಗ್ರಹಿಸಿಟ್ಟರೂ ಸುಮಾರು 12 ವರ್ಷಗಳಲ್ಲಿ ಅರ್ಧದಷ್ಟು ಕ್ಷಯಿಸುತ್ತದೆ. ಮುಂದಿನ ಸ್ಥಾವರಗಳು ಲಿಥಿಯಂನಿಂದ ತಮ್ಮ ಟ್ರಿಟಿಯಂ ಅನ್ನು ತಾವೇ ತಯಾರಿಸಿಕೊಳ್ಳಬೇಕು. ಈ ವ್ಯವಸ್ಥೆಯ ಪರೀಕ್ಷೆ ಐಟರ್‌ನಲ್ಲಿ ಸಣ್ಣ ಪ್ರಮಾಣದಲ್ಲಷ್ಟೇ ನಡೆಯಲಿದೆ.

ನಾಗರಿಕರ ಗಮನಕ್ಕೆ

ಇಂತಹ ವರದಿಗಳನ್ನು ಓದುವಾಗ ಮೂರು ಅಂಶಗಳನ್ನು ಪರಿಶೀಲಿಸುವುದು ಸೂಕ್ತ:

(ಅ) ಖರ್ಚಿನ ಲೆಕ್ಕದಲ್ಲಿ ಇಡೀ ಸ್ಥಾವರ ಸೇರಿದೆಯೇ?
(ಆ) ಶಕ್ತಿ ಎಷ್ಟು ಕಾಲ ನಿರಂತರವಾಗಿ ದೊರೆಯಿತು?
(ಇ) ದೊರೆತದ್ದು ಶಾಖವೋ, ವಿದ್ಯುತ್ತೋ?

ಸಮ್ಮಿಲನ ವಿದ್ಯುತ್ತಿನ ನಿರೀಕ್ಷೆಯಲ್ಲಿ ಇಂದಿನ ಅಗತ್ಯಗಳನ್ನು ಮುಂದೂಡುವುದು ಸೂಕ್ತವಲ್ಲ. ಸಂಪರ್ಕ ಅಥವಾ ಸೌರ ಘಟಕದ ಬಗ್ಗೆ ನಿರ್ಧರಿಸುವಾಗ ಪ್ರಸ್ತುತ ಲಭ್ಯವಿರುವ ಸೌಲಭ್ಯಗಳನ್ನು ಮಾತ್ರ ಪರಿಗಣಿಸಬೇಕೆಂದು ಕೋರಲಾಗಿದೆ. ಐಟರ್‌ಗೆ ಭಾರತ ನೀಡುತ್ತಿರುವ ಪಾಲು ಸಾರ್ವಜನಿಕರ ಹಣ. ಅದು ಮುಂದಿನ ಪೀಳಿಗೆಗಾಗಿ ಹೂಡಿದ ಬಂಡವಾಳವೆಂದು ತಿಳಿದು, ಪ್ರತಿ ಹಂತದಲ್ಲಿಯೂ ಅದರ ಲೆಕ್ಕ ಕೇಳುವುದು ನಾಗರಿಕರ ಹಕ್ಕಾಗಿರುತ್ತದೆ.