ಸೀಟು ಬೇರೆ, ಲೈಸೆನ್ಸ್ ಬೇರೆ
ಕಳೆದ ಯುಗಾದಿ ಊಟದಲ್ಲಿ, ಮದುವೆಯಾಗಿ ಪಾಲೋ ಆಲ್ಟೋಗೆ ಬಂದಿರುವ ದಾವಣಗೆರೆಯ ದಂತವೈದ್ಯೆಯೊಬ್ಬಳು ಕೇಳಿದಳು: “ಅಂಕಲ್, ನೀವು ಎಂಬಿಬಿಎಸ್ ಮುಗಿಸಿ ಬಂದು ರೆಸಿಡೆನ್ಸಿ ಸೇರಿದ್ರಿ. ನಾನೂ ಬಿಡಿಎಸ್ ಮೇಲೆ ಆರ್ಥೊಡಾಂಟಿಕ್ಸ್ ಸೇರಿದ್ರೆ ಸಾಕಲ್ವಾ?”

ಸಾಲದಮ್ಮ. ಕೆಲವು ವಿಶ್ವವಿದ್ಯಾಲಯಗಳು ನಮ್ಮ ಬಿಡಿಎಸ್ ಒಪ್ಪುತ್ತವೆ, ಕೆಲವು ಇಲ್ಲಿನ ಡಿಡಿಎಸ್ ಪದವಿಯನ್ನೇ ಕೇಳುತ್ತವೆ. ಸೀಟು ಸಿಕ್ಕರೂ ಲೈಸೆನ್ಸ್ ಕೊಡುವುದು ಕಾಲೇಜಲ್ಲ, ರಾಜ್ಯದ ಡೆಂಟಲ್ ಬೋರ್ಡ್, ನಿಯಮ ರಾಜ್ಯಕ್ಕೊಂದು.

ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್ ಮತ್ತು ಯುನಿವರ್ಸಿಟಿ ಆಫ್ ದಿ ಪೆಸಿಫಿಕ್‌ನಲ್ಲಿ ವಿದೇಶಿ ದಂತವೈದ್ಯರಿಗೆಂದೇ ಸುಮಾರು ಎರಡು ವರ್ಷದ ಡಿಡಿಎಸ್ ಇದೆ. ಹಳೆಯ ಎರಡು ಭಾಗದ ರಾಷ್ಟ್ರೀಯ ಪರೀಕ್ಷೆ 2022ಕ್ಕೆ ಮುಗಿಯಿತು; ಈಗ ಐಎನ್‌ಬಿಡಿಇ ಒಂದೇ.

“ಮತ್ತೆ ಕಾಲೇಜಾ?” ಅವಳ ಮುಖ ಬಾಡಿತು. ನಿನ್ನ ದಾರಿ ನನ್ನದಕ್ಕಿಂತ ಉದ್ದ, ಸುಳ್ಳು ಹೇಳಲಾರೆ ಎಂದೆ. ಅದಕ್ಕೇ ಮೊದಲು ಬೋರ್ಡಿನ ನಿಯಮ ಓದಿ, ಆಮೇಲೆ ಅರ್ಜಿಯ ಫೀಸು ಕಟ್ಟಿ. ಊರಿನ ಸೊಸೆಯಂದಿರಿಗೂ ಇಲ್ಲಿಗೆ ಹೊರಡುವ ಮುನ್ನವೇ ತಿಳಿಸಿ.